ಹತ್ತೊಂಬತ್ತು ಕಪ್ಪು ಚೀಟಿ

ಬೀದಿಯವರು ಅವನನ್ನು ಇಸ್ತ್ರಿಯಣ್ಣ ಎಂದೂ ಅವನ ಹೆಂಡತಿಯನ್ನು ಫೈಲಮ್ಮ ಎಂದೂ ಕರೆಯುತ್ತಿದ್ದರು. ಇಟ್ಟ ಹೆಸರು ಎಲ್ಲೋ ಹೋಗಿ, ಕರೆದ ಹೆಸರೇ ನಿಂತುಬಿಟ್ಟಿತ್ತು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ, ಹಿಂದಿನ ಕೋಣೆಯಲ್ಲಿ ಮನೆ, ನಡುವೆ ಒಂದು ಪರದೆ. "ಪರದೆಯ ಆಚೆಗೂ ಅವಳೇ ಯಜಮಾನಿ, ಈಚೆಗೂ ಅವಳೇ. ನಾನು ಪೆಟ್ಟಿಗೆ ತಳ್ಳೋ ಕೂಲಿ," ಎಂದು ಅವನು ಗಿರಾಕಿಗಳ ಮುಂದೆ ಹೇಳಿಕೊಂಡು ತಾನೇ ಮೊದಲು ನಗುತ್ತಿದ್ದ.

ಮಾತು ಸುಳ್ಳೇನಲ್ಲ. ಬಂದ ಬಟ್ಟೆಗೆ ಗುರುತು ಹಾಕುವುದು ಅವಳ ಕೆಲಸ. ಒಂದೊಂದು ಮನೆಗೆ ಒಂದೊಂದು ನಂಬರು. ಬೆರಳಗಲದ ಬಿಳಿ ಪಟ್ಟಿಯ ಮೇಲೆ ಅಳಿಯದ ಶಾಯಿಯಲ್ಲಿ ನಂಬರು ಬರೆದು ಗಂಟಿಗೆ ಪಿನ್ನು ಚುಚ್ಚುವಳು. ಆಮೇಲೆ ನೀಲಿ ರಟ್ಟಿನ ಪುಸ್ತಕದಲ್ಲಿ ಒಂದು ಸಾಲು: ಯಾವ ಮನೆ, ಎಷ್ಟು ಅಂಗಿ, ಎಷ್ಟು ಪ್ಯಾಂಟು, ಯಾವುದರ ಗುಂಡಿ ಮೊದಲೇ ಕಿತ್ತಿತ್ತು. ಬಟ್ಟೆ ವಾಪಸು ಹೋದರೆ ಆ ಸಾಲಿನ ಮೇಲೆ ಒಂದು ಗೆರೆ. ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು. ಕಲಿತದ್ದನ್ನು ಒಂದು ದಿನವೂ ಸುಮ್ಮನೆ ಕೂರಿಸಿದವಳಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಅಂಗಡಿಯಿಂದ ಒಂದು ಕಾಲುಚೀಲವೂ ಕಳೆದುಹೋಗಿರಲಿಲ್ಲ. ಅವನಿಗೆ ಅಂಕಿ ಬರುತ್ತಿತ್ತು. ಅಕ್ಷರ ಮಾತ್ರ ಒಂದೊಂದೇ ಒಂದೊಂದೇ, ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗೆ.

ಹೊಟ್ಟೆಯಲ್ಲಿ ಗಂಟು ಎಂದು ಗೊತ್ತಾದಾಗ ಅವಳು ಅತ್ತದ್ದನ್ನು ಅವನು ನೋಡಲಿಲ್ಲ. ಆಸ್ಪತ್ರೆಯಿಂದ ಬಂದವಳೇ ಟ್ರಂಕಿನಿಂದ ಇನ್ಶೂರೆನ್ಸ್ ಪಾಲಿಸಿಯ ಕಾಗದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಗಂಟೆ ಕೂತು ಓದಿದಳು. ಒಂಬತ್ತು ವರ್ಷದಿಂದ ತಪ್ಪದೆ ಕಂತು ಕಟ್ಟಿದ ಪಾಲಿಸಿ ಅದು. ಹೊಟ್ಟೆ ಕಟ್ಟಿ ಕಟ್ಟಿದ್ದು ಎನ್ನುತ್ತಾರಲ್ಲ, ಹಾಗೆ.

"ಕಂಪನಿಯವರು ದುಡ್ಡು ಕೊಡ್ತಾರೆ. ಆದ್ರೆ ನಮ್ಮ ಆಸ್ಪತ್ರೆ ಅವರ ಪಟ್ಟೀಲಿ ಇಲ್ಲ," ಎಂದಳು ಕೊನೆಗೆ. "ಮೊದ್ಲು ನಾವು ಕಟ್ಬೇಕು. ಆಮೇಲೆ ಬಿಲ್ಲು ತೋರ್ಸಿ ತಗೋಬೇಕು. ಡಿಸ್ಚಾರ್ಜ್ ಆದ ಮೂವತ್ತು ದಿನದೊಳಗೆ. ಎಲ್ಲಾ ಅಸಲು ಬಿಲ್ಲೇ ಆಗ್ಬೇಕಂತೆ. ಒಂದು ಚೀಟೀನೂ ಬಿಸಾಕ್ಬೇಡಿ, ತಿಳೀತಾ?"

"ಹೂಂ, ಫೈಲಮ್ಮ," ಎಂದ ಅವನು.

ಮೊದಲ ಆಪರೇಷನ್ನಿಗೆ ಒಡವೆ ಹೋಯಿತು, ಚೀಟಿ ಫಂಡಿಗೆ ಕಟ್ಟಿದ್ದು ಹೋಯಿತು. ಗಂಟಿನಲ್ಲಿ ಅರ್ಧ ತೆಗೆದಿದ್ದೇವೆ, ಉಳಿದದ್ದು ಅಂಟಿಕೊಂಡಿದೆ, ಮೈ ಸ್ವಲ್ಪ ಸುಧಾರಿಸಲಿ, ಹತ್ತು ವಾರದೊಳಗೆ ಇನ್ನೊಂದು ಸಲ ಮಾಡಿಬಿಡಬೇಕು, ಅದಕ್ಕಿಂತ ತಡವಾದರೆ ಕಷ್ಟ ಎಂದರು ಡಾಕ್ಟರು. ಎರಡನೆಯದಕ್ಕೆ ಮನೆಯಲ್ಲಿ ಮಾರಲು ಉಳಿದದ್ದು ಇಸ್ತ್ರಿ ಪೆಟ್ಟಿಗೆ ಒಂದೇ. ಮೊದಲನೆಯದರ ಬಿಲ್ಲಿನ ದುಡ್ಡು ಕಂಪನಿಯಿಂದ ಬಂದರೆ ಎರಡನೆಯದು, ಬರದಿದ್ದರೆ ಇಲ್ಲ. ಲೆಕ್ಕ ಅಷ್ಟೇ.

ಹಾಸಿಗೆಯಲ್ಲಿ ಮಲಗಿಕೊಂಡೇ ಅವಳು ಬಿಲ್ಲುಗಳಿಗೂ ಬಟ್ಟೆಯ ಹಾಗೆಯೇ ಗುರುತು ಹಾಕಿದಳು. ಒಂದೊಂದಕ್ಕೂ ಮೂಲೆಯಲ್ಲಿ ಬಿಳಿ ಪಟ್ಟಿ, ಪಟ್ಟಿಯ ಮೇಲೆ ನಂಬರು. ಡಾಕ್ಟರ ಚೀಟಿ, ಅದರ ಹಿಂದೆ ಆ ಚೀಟಿಯ ಔಷಧಿ ಬಿಲ್ಲು, ಅದರ ಹಿಂದೆ ರಕ್ತ ಪರೀಕ್ಷೆಯದು. ಒಟ್ಟು ಎಪ್ಪತ್ತೆರಡು. ಅವಳ ದಿಂಬಿನ ಕೆಳಗೆ ಯಾವಾಗಲೂ ಆ ನೀಲಿ ರಟ್ಟಿನ ಪುಸ್ತಕ ಇರುತ್ತಿತ್ತು. ಮಲಗಿದಲ್ಲೇ ಏನಾದರೂ ಗೀಚುತ್ತಿದ್ದಳು. ಹಾಸಿಗೆ ಹಿಡಿದರೂ ಬಟ್ಟೆಯ ಲೆಕ್ಕ ಬಿಡಲಿಲ್ಲವಲ್ಲ ಮಾರಾಯ್ತಿ ಎಂದುಕೊಂಡು ಅವನು ಅದನ್ನು ಮುಟ್ಟಲು ಹೋಗಲಿಲ್ಲ.

ಡಿಸ್ಚಾರ್ಜ್ ಆದ ಹದಿನೆಂಟನೆಯ ದಿನ ಫೈಲು ತಯಾರಾಯಿತು. ಫಾರಂ ತುಂಬಿ, ಕೂಡಿ, ಸೈನು ಹಾಕಿ, ಅವನ ಕೈಗೆ ಕೊಟ್ಟಳು.

"ನನ್ನ ತಮ್ಮನ ಅಂಗಡೀಲಿ ಒಂದು ಸೆಟ್ ಜೆರಾಕ್ಸ್ ತೆಗೆಸಿ ಇಟ್ಕೊಳ್ಳಿ. ಅಸಲು ಕಂಪನಿಗೆ. ಔಷಧಿ ಅಂಗಡಿ ಚೀಟಿಗಳು ನಿಮ್ಮ ಜೇಬಲ್ಲಿ ಇದ್ದೂ ಇದ್ದೂ ಮುದುರಿಹೋಗಿವೆ. ನೆಟ್ಟಗೆ ಮಾಡಿ ತೆಗೆಸಿ, ಇಲ್ಲಾಂದ್ರೆ ಜೆರಾಕ್ಸಲ್ಲಿ ಗೆರೆ ಗೆರೆ ಬರುತ್ತೆ."

"ಸುಕ್ಕು ತೆಗೆಯೋದು ನನಗೆ ಹೇಳ್ಕೊಡ್ತೀಯಾ?" ಎಂದ ಅವನು.

ಅವಳು ನಕ್ಕಳು. ಹೊಲಿಗೆ ಎಳೆಯಿತು, ಹೊಟ್ಟೆ ಹಿಡಿದುಕೊಂಡಳು.

ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿದ ಮೇಲೆ ಅವನು ಮೇಜು ಒರೆಸಿದ. ಹಳೆಯ ಕಂಬಳಿಯ ಮೇಲೆ ಒಗೆದ ಬಿಳಿ ಬೆಡ್‌ಶೀಟು ಹಾಸಿದ. ಯಾರ ಮದುವೆ ಬಟ್ಟೆಗೂ ಅವನು ಅಷ್ಟು ಶ್ರದ್ಧೆ ಮಾಡಿರಲಿಲ್ಲ. ಮೊದಲು ಆಸ್ಪತ್ರೆಯ ದೊಡ್ಡ ಬಿಲ್ಲು. ಪೆಟ್ಟಿಗೆಯ ಬಿಸಿ ತೀರ ಇಳಿಸಿ, ಒದ್ದೆ ಬೆರಳಲ್ಲಿ ಮುಟ್ಟಿ ನೋಡಿ, ಮೇಲೆ ಒಮ್ಮೆ ಹಾಯಿಸಿದ. ಕಾಗದ ಪ್ರೆಸ್ಸಿನಿಂದ ಆಗಷ್ಟೇ ಬಂದ ಹಾಗಾಯಿತು. ಡಾಕ್ಟರ ಚೀಟಿಗಳೂ ಹಾಗೇ. ಅವನ ಎದೆ ಉಬ್ಬಿತು. ಐವತ್ಮೂರು ಕಾಗದ ಒಂದರ ಮೇಲೊಂದು, ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂತವು.

ಉಳಿದವು ಔಷಧಿ ಅಂಗಡಿಗಳ ಚೀಟಿ, ಹತ್ತೊಂಬತ್ತು. ಉದ್ದನೆಯವು, ನುಣ್ಣನೆಯವು, ಬೆರಳಿಗೆ ಎಣ್ಣೆ ಸವರಿದಂತೆ ಜಾರುವಂಥವು. ಇವು ನಾಜೂಕು ಎಂದು ಅವನ ಕೈಗೆ ತಿಳಿಯಿತು. ನಾಜೂಕು ಬಟ್ಟೆಗೆ ನೇರ ಪೆಟ್ಟಿಗೆ ಇಡಬಾರದು. ಮೇಲೊಂದು ತೆಳು ಬಟ್ಟೆ ಹೊದಿಸಿ, ಸ್ವಲ್ಪ ಬಿಸಿ ಏರಿಸಿ, ತಳ್ಳದೆ ಒತ್ತಬೇಕು. ರೇಷ್ಮೆಗೆ ಮಾಡುವ ಕ್ರಮ ಅದು. ಮಾಡಿದ. ಹತ್ತೊಂಬತ್ತನ್ನೂ ಪಕ್ಕ ಪಕ್ಕ ಮಲಗಿಸಿ, ಹಳೇ ಮಲ್ಲು ಬಟ್ಟೆ ಹೊದಿಸಿ, ಈ ತುದಿಯಿಂದ ಆ ತುದಿಗೆ ಒತ್ತುತ್ತಾ ಹೋದ. ಬಟ್ಟೆಯ ಕೆಳಗೆ ಚೀಟಿಗಳು ಸಪಾಟಾಗುತ್ತಿರುವುದು ಅಂಗೈಗೆ ಗೊತ್ತಾಗುತ್ತಿತ್ತು. ಸಣ್ಣಗೆ ಏನೋ ಔಷಧಿಯ ವಾಸನೆ ಬಂತು. ಔಷಧಿ ಅಂಗಡಿಯದಲ್ಲವೇ, ಬರುತ್ತೆ ಎಂದುಕೊಂಡ.

ಬಟ್ಟೆ ಎತ್ತಿದ.

ಹತ್ತೊಂಬತ್ತೂ ಕಪ್ಪಾಗಿದ್ದವು. ಸುಟ್ಟಿರಲಿಲ್ಲ, ಹರಿದಿರಲಿಲ್ಲ, ಒಂದು ಸುಕ್ಕೂ ಇರಲಿಲ್ಲ. ಸಪಾಟಾಗಿ, ಹೊಳೆಯುತ್ತಾ, ಬರೀ ಕಪ್ಪು. ಒಂದರಲ್ಲೂ ಅಕ್ಷರವಿಲ್ಲ. ಮೂಲೆಯ ಬಿಳಿ ಪಟ್ಟಿಗಳ ಮೇಲೆ ಅವಳು ಬರೆದ ನಂಬರು ಮಾತ್ರ ಇದ್ದಲ್ಲೇ ಇತ್ತು.

ಅಂಥ ಚೀಟಿಗೆ ಶಾಯಿ ಇರುವುದಿಲ್ಲವಂತೆ, ಕಾಗದಕ್ಕೇ ಮದ್ದು ಸವರಿರುತ್ತಾರಂತೆ, ಯಂತ್ರ ಅದಕ್ಕೆ ಬಿಸಿ ತಾಗಿಸಿಯೇ ಅಕ್ಷರ ಮೂಡಿಸುತ್ತದಂತೆ. ಇದೆಲ್ಲ ಅವನಿಗೆ ಸಂಜೆ ಹೆಂಡತಿಯ ತಮ್ಮ ಹೇಳಿದ ಮೇಲೆ ತಿಳಿದದ್ದು. ಆ ಹೊತ್ತಿಗೆ ಅವನಿಗೆ ಕಂಡದ್ದು ಇಷ್ಟೇ: ಕೈ ಹಾಕಿದ್ದು ತಾನು, ಕೆಟ್ಟದ್ದು ಅವಳದು.

ಪರದೆಯ ಆಚೆಯಿಂದ ಅವಳ ದನಿ ಬಂತು. "ಏನ್ರೀ, ಏನೋ ವಾಸನೆ?"

"ಯಾರದೋ ಟೆರಿಲಿನ್ ಪ್ಯಾಂಟು," ಎಂದ.

"ಸುಟ್ರಾ?"

"ಇಲ್ಲ ಇಲ್ಲ. ಬಿಸಿ ಜಾಸ್ತಿ ಆಗಿತ್ತು ಅಷ್ಟೆ."

ಹಿಂದೊಮ್ಮೆ, ಮದುವೆಯಾದ ಹೊಸದರಲ್ಲಿ, ಅವನು ಒಬ್ಬರ ಹೊಸ ಅಂಗಿ ಸುಟ್ಟಿದ್ದ. ಆಗ ಅವಳು ಬೈಯಲಿಲ್ಲ. ತಾನೇ ಹೋಗಿ ಅವರ ಮನೆ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದು ಹೇಳಿ, ಕೈಯಿಂದ ದುಡ್ಡು ಕೊಟ್ಟು ಬಂದು, ಒಂದು ವಾರ ಮಾತಾಡಲಿಲ್ಲ. ಆ ಒಂದು ವಾರ ಅವನಿಗೆ ಈಗಲೂ ನೆನಪಿತ್ತು. ಮೇಲಾಗಿ ಡಾಕ್ಟರು ಹೇಳಿದ್ದರಲ್ಲ, ಮನಸ್ಸಿಗೆ ಆಘಾತ ಆಗುವ ಮಾತು ಬೇಡ ಎಂದು. ಅದು ಒಳ್ಳೆಯ ನೆಪವಾಯಿತು. ಚೀಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಗಿಯೊಳಗೆ ಸೇರಿಸಿಕೊಂಡು ಎದ್ದ.

ಹೆಂಡತಿಯ ತಮ್ಮ ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಒಂದು ಚೀಟಿ ತೆಗೆದು ದೀಪಕ್ಕೆ ಹಿಡಿದ, ಓರೆ ಮಾಡಿದ, ತಿರುಗಿಸಿದ.

"ಭಾವ, ಏನಿದು?"

"ಇಸ್ತ್ರಿ ಹಾಕ್ದೆ."

"ಇಸ್ತ್ರಿ ಹಾಕಿದ್ರಾ? ಬಿಲ್ಲಿಗಾ?" ಅವನ ಬಾಯಿ ತೆರೆದೇ ಉಳಿಯಿತು. ನಗಬೇಕೋ ಅಳಬೇಕೋ ತಿಳಿಯದೆ ಯಂತ್ರದ ಮುಚ್ಚಳ ಎತ್ತಿ ಮುಚ್ಚಿದ. "ಗಂಜಿ ಹಾಕ್ಲಿಲ್ವಲ್ಲ, ಪುಣ್ಯ."

"ಏನಾದ್ರೂ ಮಾಡೋ ಮಾರಾಯ. ಜೆರಾಕ್ಸಲ್ಲಿ ತೆಳ್ಳಗೆ ಮಾಡಿದ್ರೆ ಅಕ್ಷರ ಕಾಣಲ್ವಾ?"

"ಕಪ್ಪನ್ನ ಜೆರಾಕ್ಸ್ ಮಾಡಿದ್ರೆ ಕಪ್ಪೇ ಬರುತ್ತೆ ಭಾವ. ಅಕ್ಕನಿಗೆ ಹೇಳಿಬಿಡಿ."

"ಹೇಳಲ್ಲ."

"ಹೇಳಿ ಭಾವ. ಅವಳಿಗೆ ಏನಾದ್ರೂ ದಾರಿ ಗೊತ್ತಿರುತ್ತೆ. ಅವಳು ನಮ್ಮಪ್ಪನಿಗೇ ಲೆಕ್ಕ ಹೇಳ್ಕೊಟ್ಟವಳು."

"ನೀನೂ ಹೇಳ್ಬಾರ್ದು. ಆಣೆ ಇಡು."

ಮೈದುನ ಆಣೆ ಇಡಲಿಲ್ಲ, ಆದರೆ ಹೇಳಲೂ ಇಲ್ಲ. ಇಬ್ಬರು ಗಂಡಸರು ಸೇರಿ ಒಬ್ಬ ಹೆಂಗಸಿಗೆ ಹೆದರಿದರೆ ಕೆಲಸ ಹೇಗೆ ಕೆಡುತ್ತದೋ ಹಾಗೇ ಕೆಟ್ಟಿತು.

ಅಂದು ಮನೆಗೆ ಬಂದಾಗ ಅವಳು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. "ಕೊಟ್ರಾ?"

"ಕೊಟ್ಟೆ," ಎಂದ. ಬಾಯಿಂದ ಜಾರಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು.

"ರಸೀದಿ?"

"ತಮ್ಮನ ಹತ್ರ ಇದೆ. ಜೆರಾಕ್ಸ್ ತೆಗೀಲಿಕ್ಕೆ."

"ಒಳ್ಳೇದಾಯ್ತು. ಇಪ್ಪತ್ತು ದಿನದಲ್ಲಿ ದುಡ್ಡು ಬರುತ್ತೆ ಅಂತ ಪಾಲಿಸೀಲಿ ಬರ್ದಿದೆ. ಇವತ್ತಿಂದ ಎಣಿಸ್ಕೊಳ್ಳಿ," ಎಂದು ಕಣ್ಣು ಮುಚ್ಚಿದಳು. ಎಷ್ಟೋ ದಿನದ ಮೇಲೆ ಅವಳ ಹಣೆಯ ಗೆರೆಗಳು ಬಿಚ್ಚಿಕೊಂಡವು. ಅದನ್ನು ನೋಡಿದ ಮೇಲೆ ಅವನಿಗೆ ಬಾಯಿ ಬಿಡುವ ಧೈರ್ಯ ಇನ್ನೂ ಹೋಯಿತು.

ಮರುದಿನದಿಂದ ಅವನು ಬಟ್ಟೆ ಕೊಟ್ಟು ಬರುತ್ತೇನೆ ಎಂದು ಹೇಳಿ ಔಷಧಿ ಅಂಗಡಿ ಸುತ್ತತೊಡಗಿದ. ಚೀಟಿಗಳು ಒಟ್ಟು ಐದು ಅಂಗಡಿಯವು. ಯಾವ ಚೀಟಿ ಯಾವ ಅಂಗಡಿಯದು ಎಂಬುದೇ ಈಗ ಗೊತ್ತಿಲ್ಲ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಕನ್ನಡಕದ ಮುದುಕ ಕಂಪ್ಯೂಟರಿನ ಹಿಂದೆ ಕೂತಿದ್ದ.

"ಬಿಲ್ ನಂಬರ್ ಹೇಳಿ, ಎರಡೇ ನಿಮಿಷದಲ್ಲಿ ಇನ್ನೊಂದು ತೆಗ್ದು ಸೀಲು ಹೊಡ್ದು ಕೊಡ್ತೀನಿ."

"ನಂಬರ್ ಗೊತ್ತಿಲ್ಲ ಸಾರ್."

"ತಾರೀಖು?"

ಅವನು ಯೋಚಿಸಿದ. ಆ ದಿನಗಳಿಗೆ ತಾರೀಖೇ ಇರಲಿಲ್ಲ. ಹಗಲೋ ರಾತ್ರಿಯೋ, ನರ್ಸು ಚೀಟಿ ಕೊಟ್ಟಾಗ ಓಡುವುದು, ಚೀಲ ತಂದುಕೊಡುವುದು, ಮತ್ತೆ ಬೆಂಚಿನ ಮೇಲೆ ಕೂರುವುದು. "ಆಪರೇಷನ್ ಆದ ಮೇಲೆ... ಮೂರನೇ ದಿನವೋ ನಾಲ್ಕನೇ ದಿನವೋ."

"ಪೇಷೆಂಟ್ ಹೆಸರು?"

ಹೇಳಿದ. ಮುದುಕ ಕನ್ನಡಕದ ಮೇಲಿನಿಂದ ನೋಡಿದ. "ಆ ಹೆಸರಿನ ಹೆಂಗಸರು ದಿನಕ್ಕೆ ಹತ್ತು ಜನ ಇರ್ತಾರೆ ಯಜಮಾನ್ರೇ. ಹೀಗೆ ಗಾಳೀಲಿ ಗುದ್ದಿದ್ರೆ ನಾನು ಎಲ್ಲಿ ಹುಡುಕ್ಲಿ? ಹಿಂದೆ ಜನ ನಿಂತಿದ್ದಾರೆ ನೋಡಿ."

ಆದರೂ ಮುದುಕ ಕರುಣೆಯವನು. ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಬಾ ಎಂದ. ಇವನು ನಾಲ್ಕು ದಿನ ಹೋಗಿ ಅಲ್ಲೇ ಕಂಬಕ್ಕೆ ಒರಗಿ ನಿಂತ. ನಾಲ್ಕು ಬಿಲ್ಲು ಸಿಕ್ಕವು. ಎರಡನೇ ಅಂಗಡಿಯವನು ಬಾಗಿಲಿನಿಂದಲೇ ಅಟ್ಟಿದ. ಮೂರನೆಯವನು "ಇದನ್ನ ಕರೀ ಹಲಗೆ ಮಾಡ್ಕೊಂಡು ಮಕ್ಕಳಿಗೆ ಕೊಡಿ," ಎಂದು ನಕ್ಕ. ಇವನೂ ನಕ್ಕ. ನಗದೆ ಹೋದರೆ ನಾಳೆ ಮತ್ತೆ ಬರುವುದು ಹೇಗೆ?

ನಾಲ್ಕೇ ಬಿಲ್ಲು ಸೇರಿಸಿಕೊಂಡು ಕಂಪನಿಯ ಕಚೇರಿಗೂ ಹೋಗಿ ನೋಡಿದ. ಗಾಜಿನ ಹಿಂದಿನ ಹುಡುಗಿ ಫೈಲು ತಿರುವಿ, "ಅಬ್ಬಾ, ಯಾರು ಜೋಡಿಸಿದ್ದು ಇದನ್ನ? ನಮ್ಮ ಆಫೀಸಲ್ಲೂ ಹೀಗೆ ಇಡಲ್ಲ," ಎಂದಳು. "ಆದ್ರೆ ಫಾರಂನಲ್ಲಿ ಎಪ್ಪತ್ತೆರಡು ಅಂತ ಬರ್ದಿದಾರೆ. ಇಲ್ಲಿ ಐವತ್ತೇಳೇ ಇದೆಯಲ್ಲ?"

"ಉಳಿದದ್ದು ಆಮೇಲೆ ಕೊಟ್ರೆ?"

"ಒಂದೇ ಸಲ ಕೊಡ್ಬೇಕು ಅಂಕಲ್. ಇಲ್ಲಾಂದ್ರೆ ಇಷ್ಟಕ್ಕೇ ಹೊಸ ಫಾರಂ ತುಂಬಿ, ಪೇಷೆಂಟ್ ಸೈನು ಹಾಕ್ಸಿ ತನ್ನಿ. ತಗೋತೀವಿ. ಮೂವತ್ತು ದಿನದೊಳಗೆ ಬನ್ನಿ, ಆಯ್ತಾ?"

ಹೊಸ ಫಾರಂ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಪೇಷೆಂಟ್ ಸೈನು. ಯಾವ ಬೀದಿ ಹಿಡಿದರೂ ಕೊನೆಗೆ ಆ ಪರದೆಯ ಹಿಂದಕ್ಕೇ ಹೋಗಿ ಸೇರುತ್ತಿತ್ತು. ಫಾರಂ ಮೂರು ದಿನ ಜೇಬಿನಲ್ಲೇ ಬೆವರಿನಲ್ಲಿ ನೆನೆಯಿತು. ಪ್ರತಿದಿನ ಪರದೆ ಸರಿಸುವನು, ಅವಳ ಮುಖ ನೋಡುವನು, "ನೀರು ಬೇಕಾ?" ಎಂದು ಕೇಳಿ ವಾಪಸು ಬರುವನು.

ಅವಳು ಮಾತ್ರ ದಿನ ಎಣಿಸುತ್ತಿದ್ದಳು. "ಇವತ್ತಿಗೆ ಒಂಬತ್ತಾಯ್ತು ಅಲ್ವಾ?" "ಹೂಂ." "ಇವತ್ತಿಗೆ ಹನ್ನೊಂದು." "ಹೂಂ." ಅಂಗಡಿಗೆ ಬಂದ ಹೆಂಗಸರ ಹತ್ತಿರವೂ ಹೇಳುತ್ತಿದ್ದಳು, "ನಮ್ಮ ಯಜಮಾನ್ರು ಹನ್ನೆರಡು ದಿನ ಮೊದ್ಲೇ ಕೊಟ್ಬಿಟ್ರು ಕಣಮ್ಮ. ನಾನೇ ಇವರು ಎಲ್ಲಾದ್ರೂ ಮರೀತಾರೇನೋ ಅಂದ್ಕೊಂಡಿದ್ದೆ." ಪರದೆಯ ಈಚೆ ಅವನ ಪೆಟ್ಟಿಗೆ ನಿಂತುಬಿಡುತ್ತಿತ್ತು. ಹೊಗಳಿಕೆ ಕೂಡ ಬರೆ ಎಳೆಯಬಲ್ಲದು ಎಂದು ಅವನಿಗೆ ಆಗಲೇ ತಿಳಿದದ್ದು. ಈ ನಡುವೆ ಅವಳ ಊಟ ಅರ್ಧಕ್ಕಿಳಿಯಿತು. ಕೈಯ ಬಳೆ ಮೊಣಕೈಯ ತನಕ ಏರತೊಡಗಿತು.

ಮೂವತ್ತನೆಯ ದಿನ ಬಂತು, ಹೋಯಿತು. ಮಾರನೆಯ ಎರಡು ದಿನ ಅವನು ಎಲ್ಲಿಗೂ ಹೋಗಲಿಲ್ಲ. ಮೂವತ್ಮೂರನೆಯ ದಿನ ಕಂಪನಿಯ ಗಾಜಿನ ಮುಂದೆ ನಿಂತಾಗ ಹುಡುಗಿ ಗುರುತು ಹಿಡಿದಳು.

"ಏನು ಅಂಕಲ್ ಇದು? ಅವಧಿ ಮುಗೀತಲ್ಲ." ಪಾಪ, ಅವಳ ಮುಖವೂ ಸಣ್ಣದಾಯಿತು. "ತಡ ಯಾಕಾಯ್ತು ಅಂತ ಪಾಲಿಸಿದಾರರೇ ಒಂದು ಪತ್ರ ಬರ್ದು ಕೊಡ್ಬೇಕು. ನಿಜವಾದ ಕಾರಣ ಬರೀಬೇಕು, ಅವರದೇ ಕೈಬರಹ ಇದ್ರೆ ಒಳ್ಳೇದು. ದೊಡ್ಡ ಆಫೀಸಿಗೆ ಕಳಿಸ್ತೀವಿ. ಅವರು ಒಪ್ಪಿದ್ರೆ ಆಗುತ್ತೆ."

"ಒಪ್ತಾರಾ?"

"ಒಪ್ಬಹುದು. ಟೈಮ್ ಹಿಡಿಯುತ್ತೆ."

ಆ ದಿನ ಅವನು ಮನೆಗೆ ಬಂದು, ಪೆಟ್ಟಿಗೆಯ ವೈರು ಕಿತ್ತು, ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಪರದೆ ಸರಿಸಿದ. ಪ್ಲಾಸ್ಟಿಕ್ ಚೀಲ ಅವಳ ಹೊದಿಕೆಯ ಮೇಲಿಟ್ಟ. ಅವಳು ಚೀಟಿಗಳನ್ನು ತೆಗೆದು ಒಂದೊಂದಾಗಿ ನೋಡಿದಳು. ಮೂಲೆಯ ನಂಬರು ನೋಡಿದಳು. ಮೂಗಿಗೆ ಹಿಡಿದಳು.

"ಟೆರಿಲಿನ್ ಪ್ಯಾಂಟು," ಎಂದಳು.

ಅವನು ತಲೆ ತಗ್ಗಿಸಿದ.

"ಮೇಲೆ ಬಟ್ಟೆ ಹಾಕಿ ಒತ್ತಿದ್ರಾ?"

"ಹೂಂ. ರೇಷ್ಮೆಗೆ ಮಾಡ್ದಂಗೆ."

"ಒಂದೇ ಸಲ ಅಷ್ಟನ್ನೂ?"

"ಹೂಂ."

ಅವಳ ಭುಜ ಅಲುಗಿತು. ಅಳುತ್ತಾಳೆ ಎಂದುಕೊಂಡ. ನಗುತ್ತಿದ್ದಳು. ಹೊಲಿಗೆಯ ಮೇಲೆ ಎರಡೂ ಕೈ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಅಯ್ಯೋ ನಿಮ್ಮ! ಇಷ್ಟು ನೀಟಾಗಿ ಯಾರೂ ಕೆಡಿಸಿರಲ್ಲ ಬಿಡಿ." ಆ ನಗು ನೋಡಿ ಅವನ ಎದೆಯ ಕಲ್ಲು ಸರಿಯಿತು. ತಾನೂ ನಗಲು ಬಾಯಿ ತೆರೆದ.

ಅಷ್ಟರಲ್ಲಿ ಅವಳು ದಿಂಬಿನ ಕೆಳಗೆ ಕೈ ಹಾಕಿ ನೀಲಿ ರಟ್ಟಿನ ಪುಸ್ತಕ ತೆಗೆದಳು. ಹಿಂದಿನಿಂದ ತಿರುವಿದಳು. "ನಂಬರ್ ಇಪ್ಪತ್ತು. ಆಸ್ಪತ್ರೆ ಎದುರಿನ ಅಂಗಡಿ. ತಾರೀಖು ಇದೆ, ಬಿಲ್ ನಂಬರ್ ಇದೆ. ಇಪ್ಪತ್ಮೂರು, ಬಸ್ ಸ್ಟಾಪಿನ ಹತ್ರದ್ದು. ಇಪ್ಪತ್ನಾಲ್ಕು, ಅದೇ ಅಂಗಡಿ." ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಎಪ್ಪತ್ತೆರಡೂ ಅಲ್ಲಿದ್ದವು. ಬಟ್ಟೆ ಬಂದರೆ ಒಂದು ಸಾಲು ಬರೆಯುವವಳು ಬಿಲ್ಲು ಬಂದರೆ ಬಿಡುತ್ತಾಳೆಯೇ?

"ಇದನ್ನ ತೋರ್ಸಿದ್ರೆ ಒಂದೇ ದಿನದ ಕೆಲಸ," ಎಂದಳು. ಆಮೇಲೆ ನಗು ನಿಂತಿತು. "ಯಾವಾಗ ಕಪ್ಪಾಗಿದ್ದು?"

ಹೇಳಿದ.

ಅವಳು ಬೆರಳು ಮಡಿಚಿ ಎಣಿಸಿದಳು. ಒಂದು ಸಲ ಎಣಿಸಿ ನಂಬದೆ ಮತ್ತೊಮ್ಮೆ ಎಣಿಸಿದಳು. "ಹದಿನೈದು ದಿನ. ಹದಿನೈದು ದಿನ ನಾನು ಬರದೇ ಇರೋ ದುಡ್ಡಿಗೆ ದಿನ ಎಣಿಸ್ತಾ ಕೂತಿದ್ದೆ."

"ನಿನಗೆ ಆಘಾತ ಆಗ್ಬಾರ್ದು ಅಂತ..."

"ನನಗೆ ಆಘಾತ ಆಗ್ಬಾರ್ದು ಅಂತಲೋ, ನಿಮಗೆ ಬೈಗುಳ ಬೀಳ್ಬಾರ್ದು ಅಂತಲೋ?"

ಅವಧಿ ಮುಗಿದದ್ದು, ನಿಜವಾದ ಕಾರಣ ಬರೆದು ಪತ್ರ ಕೊಡಬೇಕೆಂದು ಕಂಪನಿಯ ಹುಡುಗಿ ಹೇಳಿದ್ದು, ಎಲ್ಲವನ್ನೂ ಅವನು ಒಪ್ಪಿಸಿದ. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ ಉರಿ.

"ಪೆನ್ನು ಕೊಡಿ," ಎಂದಳು. ಬೆನ್ನಿಗೆ ದಿಂಬು ಕೊಡಿಸಿಕೊಂಡು, ಮೊಣಕಾಲಿನ ಮೇಲೆ ರಟ್ಟು ಇಟ್ಟುಕೊಂಡು ಕೇಳಿದಳು, "ನಿಜವಾದ ಕಾರಣ ಬರೀಬೇಕು ಅಂದ್ರಲ್ಲ. ಹೇಳಿ, ಬರ್ಕೊಳ್ತೀನಿ."

ಅವನು ಹೇಳುತ್ತಾ ಹೋದ, ಅವಳು ಬರೆಯುತ್ತಾ ಹೋದಳು. ನನ್ನ ಗಂಡ ಇಸ್ತ್ರಿ ಕೆಲಸದವರು. ಬಿಲ್ಲುಗಳು ಚೆನ್ನಾಗಿ ಕಾಣಲಿ ಎಂದು ಇಸ್ತ್ರಿ ಮಾಡಿದರು. ಅವು ಕಪ್ಪಾದವು. ನನಗೆ ಹೇಳಲು ಹೆದರಿದರು. ಅಲ್ಲಿಗೆ ಬಂದಾಗ ಪೆನ್ನು ನಿಂತಿತು. "ಹೆದರಿದರು ಅಂತ ಬರೀಲಾ?" "ಬರಿ." "ನಾನೇನು ಹುಲಿಯಾ, ಕಂಪನಿಯವರು ಓದಿ ಏನಂದ್ಕೋಬೇಕು?" "ಬರಿ ಮಾರಾಯ್ತಿ." ಬರೆದಳು. ಹೆದರಿದರು ಎನ್ನುವುದರ ಮುಂದೆ ಇನ್ನೊಂದು ಸಾಲು ತಾನಾಗಿಯೇ ಸೇರಿಸಿದಳು. ಅದು ಏನೆಂದು ಅವನಿಗೆ ಓದಿ ಹೇಳಲಿಲ್ಲ. ಮಡಿಸಿ ಕೊಟ್ಟಳು. ಅವನೂ ಕೇಳಲಿಲ್ಲ.

ಮಾರನೆಯ ದಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದ. ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಶುರುವಾಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಉಳಿದ ಹದಿನೈದೂ ಕೈಯಲ್ಲಿದ್ದವು. ಹಿಂದೆ ಬಾಗಿಲಿನಿಂದಲೇ ಅಟ್ಟಿದವನು ಕೂಡ ಪುಸ್ತಕ ನೋಡಿ ಎದ್ದು ನಿಂತು ತೆಗೆದುಕೊಟ್ಟ. ಕನ್ನಡಕದ ಮುದುಕ, "ಇದನ್ನ ಮೊದಲ್ನೇ ದಿನವೇ ತರೋದಲ್ವೇನ್ರೀ?" ಎಂದ. ಕಂಬಕ್ಕೆ ಒರಗಿ ನಿಂತು ಕಳೆದ ನಾಲ್ಕು ದಿನ ಇವನ ಕಣ್ಣಿಗೆ ಬಂತು.

ಕಂಪನಿ ಫೈಲು ತೆಗೆದುಕೊಂಡಿತು. ಪತ್ರ ದೊಡ್ಡ ಆಫೀಸಿಗೆ ಹೋಯಿತು. ದೊಡ್ಡ ಆಫೀಸು ದೊಡ್ಡದಾದ್ದರಿಂದ ಅಲ್ಲಿ ಎಲ್ಲವೂ ನಿಧಾನ. ಒಂದು ತಿಂಗಳ ಮೇಲೆ ಇನ್ನೊಂದು ಪ್ರಶ್ನೆ ಕೇಳಿ ಪತ್ರ ಬಂತು, ಅದಕ್ಕೆ ಉತ್ತರ ಹೋಯಿತು. ಹತ್ತು ವಾರ ಮುಗಿಯುವ ಹೊತ್ತಿಗೆ ಮೈದುನ ಸಾಲ ಕೇಳಲು ಹೋಗಿ ಬರಿಗೈಯಲ್ಲಿ ಬಂದ. ಹದಿನಾಲ್ಕನೆಯ ವಾರ ಒಪ್ಪಿಗೆಯ ಪತ್ರ ಬಂತು. ಇಪ್ಪತ್ತು ದಿನದಲ್ಲಿ ಬರಬೇಕಾಗಿದ್ದ ದುಡ್ಡು ಅಂತೂ ಬ್ಯಾಂಕಿಗೆ ಬಂತು.

ಪಾಸ್‌ಬುಕ್ಕು ಜೇಬಿನಲ್ಲಿಟ್ಟುಕೊಂಡೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಹೊಸ ಸ್ಕ್ಯಾನು ನೋಡಿದರು, ಹಳೆಯದರ ಪಕ್ಕ ಇಟ್ಟು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು, "ಕತ್ತರಿ ಹಾಕೋಹಾಗಿಲ್ಲ ಅಲ್ವಾ ಡಾಕ್ಟ್ರೇ?"

"ನೋವಿಗೆ ಔಷಧಿ ಕೊಡ್ತೀನಮ್ಮ," ಎಂದರು ಅವರು.

"ಮೊದಲೇ ಬಂದಿದ್ರೆ?" ಎಂದು ಅವನು ಕೇಳಿದ. ಅವಳು ಅವನ ತೋಳು ಚಿವುಟಿದಳು. ಡಾಕ್ಟರು ಪೆನ್ನಿನ ಕ್ಯಾಪು ಹಾಕುತ್ತಾ, "ಅದನ್ನ ಖಂಡಿತ ಹೇಳಕ್ಕಾಗಲ್ಲ," ಎಂದರು. ಆಗುತ್ತಿತ್ತು ಎಂದಿದ್ದರೆ ಅವನು ಒಂದೇ ಸಲ ಸಾಯುತ್ತಿದ್ದ. ಇಲ್ಲ ಎಂದಿದ್ದರೆ ಬದುಕುತ್ತಿದ್ದ. ಈಗ ಅವೆರಡರ ನಡುವೆ ದಿನಾ ತೂಗಾಡುವುದು ಅವನ ಪಾಲಿಗೆ ಬಂತು.

ದುಡ್ಡು ಬ್ಯಾಂಕಿನಲ್ಲಿ ಉಳಿಯಿತು, ಕರೆಯದೆ ತಡವಾಗಿ ಬಂದ ನೆಂಟನ ಹಾಗೆ, ಯಾರೂ ಮಾತಾಡಿಸದೆ.

ಅವಳು ಪುಸ್ತಕ ಬಿಡಲಿಲ್ಲ. ನೋವಿನ ಔಷಧಿಯ ಬಿಲ್ಲುಗಳಿಗೂ ನಂಬರು ಬಿತ್ತು. ಈಗ ಪಟ್ಟಿ ಕತ್ತರಿಸುವುದು, ಪಿನ್ನು ಚುಚ್ಚುವುದು ಅವನ ಕೈಯಲ್ಲಿ ಮಾಡಿಸುತ್ತಿದ್ದಳು. "ಪಿನ್ನು ಓರೆ ಚುಚ್ಬೇಡಿ. ಅಕ್ಷರದ ಮೇಲೆ ಬರ್ಬಾರ್ದು." ಸಾಲು ಬರೆಯುವುದನ್ನೂ ಅವನಿಗೇ ಹೇಳಿದಳು. ಅವನ ಅಕ್ಷರ ಕುಂಟುತ್ತಾ ಸಾಲಿನಿಂದ ಕೆಳಗಿಳಿಯುತ್ತಿತ್ತು. "ಇಸ್ತ್ರಿ ಬೇಕಾಗಿರೋದು ಇದಕ್ಕೆ," ಎಂದಳು ಒಂದು ದಿನ. ಇಬ್ಬರೂ ನಕ್ಕರು.

ಒಂದು ಮಧ್ಯಾಹ್ನ, ಬಟ್ಟೆಯ ಗಂಟು ಕಟ್ಟುತ್ತಿದ್ದವನನ್ನು ಕರೆದಳು. ದನಿ ಈಗ ಪರದೆ ದಾಟುವಷ್ಟೂ ಇರಲಿಲ್ಲ. ಲೋಟಕ್ಕೆ ಚಮಚ ಬಡಿದು ಕರೆಯುತ್ತಿದ್ದಳು. ಹೋದ. ಪುಸ್ತಕದ ಕೊನೆಯ ಹಾಳೆ ತೆರೆದು ಹಿಡಿದಿದ್ದಳು. ಅವನಿಗಾಗಿಯೇ ದೊಡ್ಡ ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆದಿದ್ದಳು. ನಾಲ್ಕು ದಿನದಿಂದ ಗೀಚುತ್ತಿದ್ದದ್ದು ಇದನ್ನೇ.

"ಓದಿ," ಎಂದಳು.

ಹಾಸಿಗೆಯ ಅಂಚಿನಲ್ಲಿ ಕೂತು ಬೆರಳಿಟ್ಟು ಓದತೊಡಗಿದ. "ಆ...ಮೇ...ಲೆ ಬೇ...ಕಾಗುವ ಕಾಗದ." ತಲೆ ಎತ್ತಿದ. "ಯಾವುದರ ಆಮೇಲೆ?"

"ಮುಂದೆ ಓದಿ."

"ಒಂದು. ಆಸ್ಪತ್ರೆಯವರು ಕೊಡುವ ಚೀಟಿ. ಎರಡು. ಅದನ್ನು ತೋರಿಸಿ ಕಚೇರಿಯಲ್ಲಿ ಮಾಡಿಸುವ ಮರಣ..." ಅವನ ಬೆರಳು ನಿಂತಿತು.

"ಪ್ರಮಾಣ ಪತ್ರ," ಎಂದು ಅವಳೇ ಹೇಳಿದಳು. "ಮರಣ ಪ್ರಮಾಣ ಪತ್ರ. ಐದು ಪ್ರತಿ ಮಾಡಿಸಿ. ಒಂದು ಸಾಕಾಗಲ್ಲ, ಎಲ್ಲಾ ಕಡೆ ಅಸಲೇ ಕೇಳ್ತಾರೆ. ಆವತ್ತೇ ಓಡ್ಬೇಡಿ, ಆದ್ರೆ ಹದಿನೈದು ದಿನ ಸುಮ್ನೆ ಕೂರಲೂಬೇಡಿ. ಗೊತ್ತಾಗದೇ ಇದ್ರೆ ತಮ್ಮನ್ನ ಕೇಳಿ. ಕೇಳೋಕೆ ನಾಚ್ಕೋಬೇಡಿ. ಮುಂದೆ."

"ಇದೆಲ್ಲ ಈಗ ಯಾಕೆ?"

"ಆಮೇಲೆ ಕೇಳೋಕೆ ನಾನಿರ್ತೀನಾ? ಓದಿ ಅಂದ್ನಲ್ಲ."

ಮೂರು, ಪಾಲಿಸಿ, ಟ್ರಂಕಿನ ಎಡಗಡೆ, ಹಳದಿ ಚೀಲದಲ್ಲಿ. ನಾಲ್ಕು, ಪಾಸ್‌ಬುಕ್ಕು. ಐದು, ಪುಸ್ತಕದ ನಂಬರ್ ನಲವತ್ತರ ಮನೆಯವರ ಎರಡು ಅಂಗಿ ವಾಪಸು ಕೊಡುವುದಿದೆ. ಒಂದೊಂದೂ ಎಲ್ಲಿದೆ, ಯಾರ ಹತ್ತಿರ ಹೋಗಬೇಕು, ಯಾರನ್ನು ಏನೆಂದು ಕೇಳಬೇಕು, ಎಲ್ಲವೂ ಇತ್ತು. ಅವನ ಕಣ್ಣಿನ ನೀರು ಹಾಳೆಯ ಮೇಲೆ ಬೀಳದ ಹಾಗೆ ಅವಳು ಪುಸ್ತಕವನ್ನು ಸ್ವಲ್ಪ ದೂರ ಸರಿಸಿದಳು.

ಹಾಳೆಯ ಅಡಿಯಲ್ಲಿ ಒಂದು ಸಾಲು ಬೇರೆಯಾಗಿ ಇತ್ತು, ಕೆಳಗೆ ಎರಡು ಗೆರೆ ಎಳೆದು. ಅವನು ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿಕೊಂಡ.

"ಯಾ...ವು...ದಕ್ಕೂ... ಇಸ್ತ್ರಿ... ಹಾಕ...ಬಾರದು."

ಅವಳು ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕಳು. ಅವನಿಗೆ ನಗಲಾಗಲಿಲ್ಲ. ಮುಂದಿನ ಕೋಣೆಯಲ್ಲಿ ಯಾರೋ ಗಿರಾಕಿ ಬಂದು, "ಇಸ್ತ್ರಿಯಣ್ಣಾ, ಬಟ್ಟೆ ಆಯ್ತಾ?" ಎಂದು ಕೂಗಿದರು. ಅವನು ಏಳಲಿಲ್ಲ.

"ನಡುವೆ ತಡವರಿಸಿದ್ರಿ," ಎಂದಳು ಅವಳು. "ಇನ್ನೊಂದು ಸಲ ಓದಿ, ಮೊದಲಿಂದ."

ಅವನು ಮೊದಲ ಸಾಲಿನ ಮೇಲೆ ಮತ್ತೆ ಬೆರಳಿಟ್ಟ.